ನಡುಮನೆಯ ವಾಲ್ವು

ಸಿಂಧನೂರು ಸೀಮೆಯಲ್ಲಿ ಅಂಬಪ್ಪನ ಕಿವಿಗಿದ್ದ ಮರ್ಯಾದೆ ಅಂಬಪ್ಪನಿಗೆ ಇರಲಿಲ್ಲ. ಆಂಪ್ಲಿಫೈಯರಿನೊಳಗೆ ಬಲ್ಬಿನಂತೆ ಉರಿಯುವ ಗಾಜಿನ ವಾಲ್ವುಗಳ ದನಿ ಕೇಳಿ, ಯಾವುದು ಹಸನು ಯಾವುದು ಕಳಪೆ ಎಂದು ಅವನು ಹೇಳಿದರೆ ಅದೇ ಕೊನೆಯ ಮಾತು. ಕಾಲುವೆ ನೀರು ಬಂದು ಭತ್ತದಲ್ಲಿ ದುಡ್ಡು ಕಂಡವರು ಮಸ್ಕಿ, ಲಿಂಗಸುಗೂರಿನಿಂದಲೂ ಹೇಳಿ ಕಳಿಸುತ್ತಿದ್ದರು. ಕೇರಿಯವನೆಂದು ಅಂಗಳದಲ್ಲೇ ನಿಲ್ಲಿಸುತ್ತಿದ್ದ ಮನೆಗಳಲ್ಲಿ ಈಗ ಅವನಿಗೆ ನಡುಮನೆಯಲ್ಲಿ ಕುರ್ಚಿ. ಹಾಡುವ ಪೆಟ್ಟಿಗೆ ಅಂಗಳದಲ್ಲಿ ಇರುವುದಿಲ್ಲವಲ್ಲ!

ಆ ಕಿವಿ ಈಗ ಕೈಕೊಟ್ಟಿತ್ತು. ಹತ್ತು ವರ್ಷ ಮದುವೆಗಳಲ್ಲಿ ಮೈಕಿನ ಹಾರ್ನಿಗೆ ತಲೆಯೊಡ್ಡಿ ನಿಂತದ್ದರ ಫಲ. ಇದು ಗೊತ್ತಿದ್ದವಳು ಹೆಂಡತಿ ಜೋಗಮ್ಮ ಒಬ್ಬಳೇ. ರಿಪೇರಿಗೆ ಮನೆಗೆ ಬಂದ ಸೆಟ್ಟುಗಳನ್ನು ರೊಟ್ಟಿ ಬಡಿಯುತ್ತಲೇ ಕೇಳಿ, "ಅದರ ಗಂಟಲ ಕಟ್ಟೈತಿ, ತಗೀರಿ" ಎನ್ನುತ್ತಿದ್ದಳು. ವರ್ಷದಿಂದ ಅಂಬಪ್ಪನ ತೀರ್ಪೆಲ್ಲ ಅವಳದೇ. ಇದು ಬಯಲಾದರೆ ಮತ್ತೆ ಅಂಗಳವೇ ಗತಿ ಎಂಬ ಭಯ ಅವನಿಗಿತ್ತು.

ಸಾಲಗುಂದದ ಅಮರಗುಂಡಪ್ಪ ಗೌಡ ಮಗಳ ಮದುವೆಗೆಂದು ಹೊಸ ಸೆಟ್ಟು ತರಿಸಿದ್ದ. ಜೊತೆಗೆ ಎರಡು ಬಗೆಯ ವಾಲ್ವು, ಒಂದು ವಿಲಾಯತಿ, ಒಂದು ದೇಶಿ.

"ನಾಳೆ ಬೀಗರು ಬರ್ತಾರ. ಭಾಳ ರಸಿಕರಂತ. ಯಾವುದು ಹಾಕೂದು, ಇವತ್ತಽ ಹೇಳು" ಎಂದ.

ಅಂಬಪ್ಪ ಸಾಮಾನು ಹೊರಲೆಂಬ ನೆವದಲ್ಲಿ ಜೋಗಮ್ಮನನ್ನೂ ಕರೆತಂದಿದ್ದ. ಅವಳು ಅಂಗಳದಲ್ಲಿ ಕಿಟಕಿಗೆ ಎದುರಾಗಿ ನಿಲ್ಲಬೇಕು; ಮೊದಲನೆಯದು ಚಲೋ ಎನಿಸಿದರೆ ಸೆರಗು ತಲೆಗೆ, ಎರಡನೆಯದಾದರೆ ಸೊಂಟಕ್ಕೆ. ಹೀಗೆ ಗಂಡ ಹೆಂಡಿರ ಒಪ್ಪಂದ.

ಸಾರಂಗಿಯ ರೆಕಾರ್ಡು ಹಾಕಿದರು. ವಿಲಾಯತಿ ಮುಗಿದ ಮೇಲೆ ದೇಶಿ ಸಿಕ್ಕಿಸಿ, ಬಿಸಿಯಾಗಲು ಬಿಟ್ಟು, ಅದೇ ರೆಕಾರ್ಡು ಮತ್ತೆ. ಅಂಬಪ್ಪನಿಗೆ ಎರಡೂ ಕಂಬಳಿ ಹೊದ್ದು ಅತ್ತಂತೆ ಕೇಳಿದವು. ಕಿಟಕಿಯತ್ತ ನೋಡಿದ. ಪಕ್ಕದ ಅಕ್ಕಿ ಗಿರಣಿ ಶುರುವಾಗಿಬಿಟ್ಟಿತ್ತು. ಅದರ ಸದ್ದಿಗೆ ಏನೂ ಕೇಳಿಸದೆ ಜೋಗಮ್ಮ ಸುಡು ಬಿಸಿಲಲ್ಲಿ ಎರಡೂ ಕೈ ಆಡಿಸುತ್ತಿದ್ದಳು.

ಬಾಯಿಗೆ ಬಂದದ್ದನ್ನು ಹೇಳಿದರೆ ಕುರ್ಚಿ ಉಳಿಯಬಹುದು. ಆದರೆ ಅವಳ ಕಿವಿಯ ಸಂಪಾದನೆ ಈ ಕುರ್ಚಿ. ಅವಳು ಬಿಸಿಲಲ್ಲಿ, ತಾನು ಫ್ಯಾನಿನ ಕೆಳಗೆ. ಅಂಬಪ್ಪನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಗೌಡ್ರ, ನನ್ನ ಕಿವಿ ಹೋಗಿ ವರ್ಷಾತು. ವಾಲ್ವು ಆರಿಸಾಕಿ ನನ್ನ ಹೇಣ್ತಿ. ಹೊರಗ ನಿಂತಾಳ."

ಗೌಡನ ಹುಬ್ಬು ಗಂಟಾಯಿತು. "ಹಂಗಾದ್ರ ಪೆಟ್ಟಿಗಿ ಅಂಗಳಕ್ಕ ಒಯ್ಯಿ."

"ಆಗಂಗಿಲ್ರಿ. ನಡುಮನ್ಯಾಗ ಹಾಡೂದನ್ನ ನಡುಮನ್ಯಾಗಽ ಕೇಳಬೇಕು." ಅಂಬಪ್ಪ ಕುರ್ಚಿ ಬಿಟ್ಟು ಎದ್ದ. "ಆಕಿ ಇಲ್ಲಿ ಕುಂತು ಕೇಳ್ತಾಳ. ಇಲ್ಲಂದ್ರ ಇಬ್ಬರೂ ಹೋಗ್ತೀವ್ರಿ."

ಗೌಡ ವಾಲ್ವು ನೋಡಿದ, ಬಾಗಿಲು ನೋಡಿದ, ನಾಳೆಯ ಬೀಗರನ್ನು ನೆನೆದ.

"ಕರಿ" ಎಂದ ಗೋಡೆಗೆ ಮುಖ ಮಾಡಿ.

ಜೋಗಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಎರಡನ್ನೂ ಕೇಳಿದಳು. ಎರಡನೆಯದು ನಾಲ್ಕು ಎಳೆ ನುಡಿಯುವಷ್ಟರಲ್ಲೇ ಯಾವುದು ಹಸನೆಂದು ಅವಳಿಗೆ ತಿಳಿದುಹೋಯಿತು. ಹದಿನೆಂಟು ವರ್ಷ ಆ ಮುಖ ನೋಡಿದ ಅಂಬಪ್ಪನಿಗೂ ಅದು ಗೊತ್ತಾಯಿತು.

"ಏನಂತಿ?" ಎಂದ ಗೌಡ.

ಜೋಗಮ್ಮ ನಿಧಾನವಾಗಿ ಹಿಂದಕ್ಕೆ ಒರಗಿ, ಎರಡೂ ಕೈಗಳನ್ನು ಕುರ್ಚಿಯ ತೋಳುಗಳ ಮೇಲೆ ಇಟ್ಟಳು.

"ಇನ್ನೊಮ್ಮಿ ಹಚ್ಚರಿ" ಎಂದಳು.