ಜಡೆ ಬಿಡುವ ತನಕ

ಖಾನಾಪುರದ ಆ ಓಣಿಗೆ ಮೂರು ದಿನಕ್ಕೊಮ್ಮೆ ಬರುವ ನಳ ಅಂದು ಬೆಳಗಿನ ಆರಕ್ಕೇ ಬಂದಿತ್ತು. ಶಿವಬಸವ್ವ ಬ್ಯಾರಲ್ಲಿಗೆ ಕೊಡ ಬಗ್ಗಿಸುವಷ್ಟರಲ್ಲಿ ಮಗಳು ಸಾಕ್ಷಿ ಅಡ್ಡ ಬಂದಳು.

"ಅವ್ವಾ, ತ-ತ-ತಡಿ!"

ಕೊಡ ಸೊಂಟದ ಮೇಲೇ ನಿಂತಿತು.

ಬ್ಯಾರಲ್ಲಿನ ಬಾಯಿಗೆ ಸಾಕ್ಷಿ ಒಂದು ಪುಟ್ಟ ಯಂತ್ರ ಕಟ್ಟಿದ್ದಳು. ಅದು ನೀರಿನ ಎತ್ತರ ಅಳೆದು, ತಂತಿಯ ಮೂಲಕ ಟ್ಯಾಬಿಗೆ ಅಂಕಿ ಕಳಿಸಬೇಕು. ನಾಳೆ ಬೆಳಗಾವಿಯಲ್ಲಿ ವಿಜ್ಞಾನ ಪ್ರದರ್ಶನ. ಯಂತ್ರ ಪೂರ್ತಿ ಅವಳದೇ ಕೆಲಸ. ಆದರೆ ಅವಳು ತೊದಲುತ್ತಾಳೆಂದು ಗುರುಪಾದಪ್ಪ ಸರ್ ವಿವರಿಸುವ ಕೆಲಸವನ್ನು ಜೊತೆಗಾರ ಅಮರನಿಗೆ ಕೊಟ್ಟಿದ್ದರು. ನಾಲ್ಕು ದಿನದಿಂದ ಸಾಕ್ಷಿ ಒಗೆಯುವ ಕಲ್ಲಿನ ಮುಂದೆ ಕೂತು ಸರ್‌ಗೆ ಕೇಳಬೇಕಾದ ಒಂದೇ ಪ್ರಶ್ನೆಯನ್ನು ಪಿಸುಗುಡುತ್ತಿದ್ದಳು. ಸರ್ ಎದುರು ಅದು ಬಾಯಿಂದ ಹೊರಡುತ್ತಿರಲಿಲ್ಲ. ಶಿವಬಸವ್ವನಿಗೆ ಅದು ಗೊತ್ತಿತ್ತು. ಮಗಳ ಪರವಾಗಿ ತಾನು ಕೇಳಿಬಿಡಲು ಅವಳಿಗೆ ಮನಸ್ಸಿರಲಿಲ್ಲ.

"ಕೋಲು ಹಾಕಿ ನೋಡಿದ್ರ ನಲವತ್ತೇಳು ಸೆಂಟಿಮೀಟರ್. ಟ್ಯಾಬು ಒಮ್ಮೆ ನಾ-ನಾಕು ಅಂತೈತಿ, ಒಮ್ಮೆ ಏಳು. ಸರ್ ನೋಡಾಕ ಎಂಟಕ್ಕ ಬರ್ತಾರ."

ಶಿವಬಸವ್ವ ಬಗ್ಗಿ ನೋಡಿದಳು. "ಇದೂ ನಿಮ್ಮ ಸಾಲಿ ಮಂದಿ ಹಂಗನ ಐತಲ್ಲ. ಅರ್ಧಾ ಕೇಳಿ ಉತ್ತರಾ ಕೊಡ್ತೈತಿ."

ಸಾಕ್ಷಿ ಕಣ್ಣರಳಿಸಿದಳು. "ಮತ್ತ ಮು-ಮುಗೀತಂತ ಅದಕ ಹೆಂಗ ಗೊತ್ತಾಗಬೇಕು?"

"ನನಗ ಹೆಂಗ ಗೊತ್ತಾಗ್ತೈತಿ? ಮಾತಾಡೂ ಮುಂದ ಜಡಿ ಹಿಡಕೊಂತಿ, ಮುಗದ ಮ್ಯಾಲ ಬಿಡ್ತಿ. ಅಲ್ಲೀ ಮಟಾ ನಾ ಬಾಯಿ ತಗ್ಯಂಗಿಲ್ಲ."

ಸಾಕ್ಷಿ ಒಳಗೆ ಓಡಿದಳು. ಶಿವಬಸವ್ವ ರೊಟ್ಟಿ ಬಡಿದು ಮುಗಿಸುವ ಹೊತ್ತಿಗೆ, ಪ್ರತಿ ಅಳತೆಯ ಕೊನೆಗೆ ಒಂದು ಗುರುತು ಕಳಿಸಲು ಯಂತ್ರ ಕಲಿತಿತ್ತು. ಬಂದ ತುಂಡುಗಳನ್ನು ಕೂಡಿಟ್ಟುಕೊಂಡು ಆ ಗುರುತು ಕಾಣುವವರೆಗೆ ಸುಮ್ಮನಿರಲು ಟ್ಯಾಬು ಕಲಿತಿತ್ತು. ಆದರೂ ತಂತಿ ಕಿತ್ತು ಸಿಕ್ಕಿಸಿದಾಗ ಒಮ್ಮೆ ಬರೀ ಏಳು ಬಂತು. ನಡುವಿನಿಂದ ಕಿವಿಗೆ ಬಿದ್ದದ್ದನ್ನು ಮಾತೆಂದು ನಂಬಬಾರದು. ಮೊದಲ ಗುರುತಿನವರೆಗೆ ಬಂದದ್ದನ್ನೆಲ್ಲ ಎಸೆಯಬೇಕು. ಅದನ್ನೂ ಅವಳು ಟ್ಯಾಬಿನ ಪ್ರೋಗ್ರಾಮಿನಲ್ಲಿ ಬರೆದಳು.

ಎಂಟಕ್ಕೆ ಸರ್ ಬೈಕಿನಲ್ಲಿ ಬಂದರು. ಹಿಂದೆ ಅಮರ ಇದ್ದ. ಶಿವಬಸವ್ವ ಕೊಡ ಸುರಿದಳು. ನಲವತ್ತೇಳು ಐವತ್ಮೂರಾಯಿತು. ಮತ್ತೊಂದು ಕೊಡಕ್ಕೆ ಐವತ್ತೊಂಬತ್ತು. ಸರ್ ಅವಳು ಬರೆದದ್ದನ್ನು ಓದಿ, ಮೂರು ಸಲ ತಂತಿ ಕಿತ್ತು ಸಿಕ್ಕಿಸಿದರು. ಮೂರು ಸಲವೂ ಐವತ್ತೊಂಬತ್ತೇ.

"ಭೇಷ್ ಮಗಳ! ಒಂದೂ ತಪ್ಪಿಲ್ಲ!" ಎಂದು ಸರ್ ಚಪ್ಪಾಳೆ ತಟ್ಟಿದರು. ಅಮರ ಸಿಳ್ಳೆ ಹೊಡೆದ. ಶಿವಬಸವ್ವನ ಕಣ್ಣು ತುಂಬಿ, ನಳದ ಕೆಳಗಿನ ಕೊಡವೂ ತುಂಬಿ ಅಂಗಳಕ್ಕೆ ಹರಿಯಿತು. ಯಾರೂ ನಳ ನಿಲ್ಲಿಸಲಿಲ್ಲ.

"ಹಂಗಾರ ನಾಳೆ ಅಮರ—" ಎಂದು ಸರ್ ಶುರುಮಾಡಿದರು.

ಸಾಕ್ಷಿಯ ಕೈ ಜಡೆ ಹಿಡಿಯಿತು. "ಸ-ಸರ್, ನಾ-ನಾ-"

"ನಾಳೆ ಎಷ್ಟಕ್ಕ ಬರಬೇಕಂತೇನವಾ? ಏಳಕ್ಕ ಬಾ."

"ತಡೀರಿ ಸರ್," ಎಂದಳು ಶಿವಬಸವ್ವ, ಮೆಲ್ಲಗೆ. "ಆಕಿ ಇನ್ನೂ ಜಡಿ ಬಿಟ್ಟಿಲ್ಲರಿ."

ಸರ್ ಒಮ್ಮೆ ಜಡೆ ಹಿಡಿದ ಆ ಕೈಯನ್ನು, ಒಮ್ಮೆ ಟ್ಯಾಬನ್ನು ನೋಡಿ ಬಾಯಿ ಮುಚ್ಚಿದರು. ಸಾಕ್ಷಿ ಉಸಿರೆಳೆದುಕೊಂಡಳು. ಮಾತು ಎರಡು ಕಡೆ ಸಿಕ್ಕಿತು, ಎರಡು ಕಡೆಯೂ ಬಿಡಿಸಿಕೊಂಡಿತು. ಕೊನೆಯ ಅಕ್ಷರಕ್ಕೆ ಜಡೆ ಕೈಯಿಂದ ಜಾರಿ ಬೆನ್ನಿಗೆ ಬಿತ್ತು.

"ನಾಳೆ ಬೆ-ಬೆಳಗಾವ್ಯಾಗ ನಾನ ಹೇ-ಹೇಳ್ಲೇನ್ರಿ, ಸರ್?"