ಕೇಳದೆ ಬಂದ ತಾಮ್ರದ ತಗಡು

ಅವತ್ತು ಬೆಳಿಗ್ಗೆ ಬೀದರದ ಮೇಲೆ ಎಂಥ ಮಂಜು ಕವಿದಿತ್ತೆಂದರೆ, ಗಾಂಧಿ ಗಂಜಿನ ಲಾರಿಗಳು ಹಾರ್ನ್ ಹೊಡೆದು ಹೊಡೆದು ದಾರಿ ಕೇಳುತ್ತಿದ್ದವು. ಕಾಳು ಹಸನು ಮಾಡುವ ಕೆಲಸಕ್ಕೆ ಬಂದ ಅಂಜನಾಬಾಯಿಗೆ ಅಂಗಡಿಯ ಸಾವ್ಕಾರನ ಮುಖ ಕಾಣುವ ಮೊದಲೇ ಅವನ ಬೈಗುಳ ಬಂದು ಮುಟ್ಟಿತು.

"ಹಲ್ಕಟ್ ಮುದುಕಿ! ಲಕ್ಷ್ಮೀ ಯಂತ್ರ ನೀರಿನ ಕೊಡದ ಮ್ಯಾಲ ಮುಚ್ಚೀದಿಯಂತ? ನಿಮ್ಮ ಮಂದಿಗಿ ದೇವ್ರಂದ್ರ ಗೊತ್ತದೇನ?"

"ಛಲೋ ಕುಂತದರಿ ಸಾವ್ಕಾರ್ರ. ಒಂದ ಹಲ್ಲಿ ಬೀಳಂಗಿಲ್ಲ."

ತೊಗರಿ ಹಸನು ಮಾಡುತ್ತಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಅವಳದೇನು ತಪ್ಪು? ಹೋದ ತಿಂಗಳು ಚಿದ್ರಿ ಓಣಿಯ ಅವಳ ಮನೆಗೆ ಟಪಾಲಿನಲ್ಲಿ ಯಂತ್ರ ಕೊರೆದ ಆ ತಾಮ್ರದ ತಗಡು ಬಂತು. ಸುಗ್ಗಿಯಲ್ಲಿ ದಲ್ಲಾಳಿ ಅಡತ ಅಂಗಡಿಯವರು ಕೆಲಸದವರಿಗೆ ಸೀರೆಯೋ ಬೆಲ್ಲವೋ ಕೊಡುವುದುಂಟು. ಈ ಸಲ ಶಿವರಾಜಪ್ಪ ಸಾವ್ಕಾರ ತಾಮ್ರ ಕೊಟ್ಟನೆಂದುಕೊಂಡಳು. ಬೆಳಗಾದರೆ ಬುದ್ಧವಂದನೆ ಹೇಳುವ ಮನೆ ಅದು, ಅಲ್ಲಿ ಯಂತ್ರಕ್ಕೆ ಬೇರೆ ಜಾಗವಿರಲಿಲ್ಲ. ಕೊಡಕ್ಕೆ ಮುಚ್ಚಳವಿರಲಿಲ್ಲ. ಎರಡೂ ಕೂಡಿ ಬಂದವು.

ತಗಡು ಕಳಿಸಿದ್ದು ಭಾಲ್ಕಿಯಲ್ಲಿ ಯಂತ್ರ ಮಾರುವ ಹೊಸ ಧಂದೆ ತೆಗೆದ ಸಾವ್ಕಾರನ ಅಳಿಯ ಸುಶೀಲಕುಮಾರ. ಹೆಂಗಸರೆಲ್ಲರ ವಿಳಾಸ ಕೊಟ್ಟವನು ಮಾವ. ಎಂಟು ದಿನದಲ್ಲಿ ವಾಪಸು ಮಾಡದಿದ್ದರೆ ಕೊಂಡಂತೆಯೇ ಎಂಬುದು ಅಳಿಯನ ಕರಾರು. ವಸೂಲಿಗೆ ಮನೆಮನೆಗೆ ಹೋದಾಗಲೇ ಅಳಿಯ ಆ ಕೊಡವನ್ನು ಕಂಡು ಮಾವನಿಗೆ ಹೇಳಿದ್ದು.

"ರೊಕ್ಕ ತರೂತನ ಇದು ಇಲ್ಲೇ ಬಿದ್ದಿರ್ಲಿ," ಎಂದು ಶಿವರಾಜಪ್ಪ ಅವಳ ಮೊರವನ್ನು ಕಾಲಿನಿಂದಲೇ ತಾನು ಕೂರುವ ಗಾದಿಯ ಹಿಂದೆ ತಳ್ಳಿದ. "ನಿಮಗ ಸೊಕ್ಕ ಬಂದ್ರ ಕೆಲಸಕ್ಕ ಔರಾದದಿಂದ ಬಸ್ ತುಂಬ ಹೆಂಗಸರನ್ನ ತರಸ್ತೀನಿ."

ಗಂಜಿನಲ್ಲಿ ಅವರವರ ಮೊರ ಅವರವರೇ ತರಬೇಕು. ಕೈಯಲ್ಲಿ ಮೊರವಿಲ್ಲದವಳಿಗೆ ಅಂಗಳದಲ್ಲಿ ಜಾಗವಿಲ್ಲ, ಸಂಜೆ ಒಲೆಯ ಮೇಲೆ ರೊಟ್ಟಿಯೂ ಇಲ್ಲ.

ಗೇಟಿನ ತನಕ ಜೊತೆಕೆಲಸದ ಅಜೀಜಾ ಬೇಗಂ ಬಂದಳು. "ನಮ್ಮನಿ ತಗಡು ಕೋಳಿ ಗೂಡಿನ ಬಾಗಲಾಗೇದ ಅಂಜನಕ್ಕ. ನಾಳಿ ಬೈಸ್ಕೊಳ್ಳೂ ಪಾಳಿ ನಂದ. ಕೇಳಲಾರದ ಮಾಲಿಗಿ ರೊಕ್ಕ ಕೊಡ್ಬೇಕಂತ ಯಾವ ಕಾಯ್ದಾನೂ ಇಲ್ಲಂತ ಪೋಸ್ಟಮನ್ ಅಂದ. ಗ್ರಾಹಕರ ಕೋರ್ಟ್ ಅದಂತ. ಹೋಗಮೇನ?"

"ಹೋಗಮು. ಮೊದಲ ಈ ಮುರ್ದಾ ಸಾವ್ಕಾರಗ ತಿಳಿಯೂ ಮಾತಿನ್ಯಾಗ ಹೇಳಿ ನೋಡಮು."

ಮರುದಿನ ಔರಾದದ ರೈತರು ತೊಗರಿಯ ನಮೂನೆ ಹಿಡಿದು ಗಾದಿಯ ಸುತ್ತ ಕುಳಿತಿದ್ದರು. ಅಂಜನಾಬಾಯಿ ತಲೆಯ ಮೇಲಿನ ಕುಳ್ಳಿನ ಬುಟ್ಟಿಯನ್ನು ಗಾದಿಯ ಅಂಚಿಗೇ ಇಳಿಸಿದಳು. ಬಿಳಿ ಹಾಸಿನ ಮೇಲೆ ಸಗಣಿಯ ಪುಡಿ ಉದುರಿತು.

"ತಗೋರಿ ಸಾವ್ಕಾರ್ರ. ಸಂಜೀತನ ನಮ್ಮನಿಗಿ ವಾಪಸ್ ಮುಟ್ಟಸ್ರಿ. ಇಲ್ಲಂದ್ರ ಕೊಂಡಂಗ."

"ಏ, ತಲಿ ಕೆಟ್ಟದೇನ? ನಿನ್ನ ಕುಳ್ಳು ಯಾವ ಮಗ ಕೇಳ್ಯಾನ?"

"ಯಾರೂ ಕೇಳಿಲ್ರಿ."

ಅಜೀಜಾ ಬೇಗಂ ಇನ್ನೊಂದು ಬುಟ್ಟಿ ಇಟ್ಟು ಮೇಲಿನ ಚೀಲ ಸರಿಸಿದಳು. ಕಾವಿಗೆ ಕುಳಿತಿದ್ದ ಕೋಳಿ ಸಿಟ್ಟಿನಿಂದ ಎದ್ದು ನೇರವಾಗಿ ಗಾದಿಗೆ ಹಾರಿತು. "ಇದೂ ಯಾರೂ ಕೇಳಿಲ್ರಿ. ತತ್ತಿ ಒಡದ್ರ ಅದರ ರೊಕ್ಕ ಬ್ಯಾರಿ."

ಒಬ್ಬ ರೈತ ಗಂಟಲು ಸರಿಮಾಡಿಕೊಂಡ. "ಸಾವ್ಕಾರ್ರ, ನಮ್ಮನಿಯಾಗ ಒಂದು ಮುದಿ ಎತ್ತದರಿ. ಕಳಸ್ಲೇನ್ರಿ?"

ಅಂಗಳಕ್ಕೆ ಅಂಗಳವೇ ನಕ್ಕಿತು. ಶಿವರಾಜಪ್ಪ ಬೈಯಲು ಬಾಯಿ ತೆರೆದ. ಬಾಗಿಲಲ್ಲಿ ಉಳಿದ ಹೆಂಗಸರು ಸಾಲಾಗಿ ನಿಂತಿದ್ದರು, ಒಬ್ಬೊಬ್ಬಳ ತಲೆಯ ಮೇಲೂ ಒಂದೊಂದು ಬುಟ್ಟಿ. ಯಾವುದರಲ್ಲಿ ಏನಿದೆಯೋ, ಇಟ್ಟವಳಿಗೇ ಗೊತ್ತು. ರೈತರು ಒಬ್ಬೊಬ್ಬರಾಗಿ ಬೇರೆ ಅಂಗಡಿಗೆ ಹೊರಡಲು ತಮ್ಮ ನಮೂನೆಯ ಚೀಲ ಕಟ್ಟಿಕೊಳ್ಳತೊಡಗಿದ್ದರು.

ಅಷ್ಟು ವರ್ಷ ಅಂಜನಾಬಾಯಿಯ ಕೈಗೆ ಏನು ಕೊಡುವುದಿದ್ದರೂ ಮುಟ್ಟದಂತೆ ಮೇಲಿನಿಂದ ಬಿಟ್ಟೇ ಕೊಟ್ಟವನು ಅವನು. ಗಾದಿಯ ಹಿಂದಕ್ಕೆ ಬಾಗಿದ. ಮೊರ ತೆಗೆದ. ಅದಕ್ಕಂಟಿದ್ದ ಧೂಳನ್ನು ತನ್ನದೇ ಧೋತರದಿಂದ ಒರೆಸಿ, ಅಂಜನಾಬಾಯಿಯ ಕೈಗೆ ಇಟ್ಟ.