ಅರಾಬಾಳ ಕಣ್ಣಳತೆ

ಸ್ವೆಡ್ರು ಪೇಟೆಯಲ್ಲಿ ಬಟ್ಟೆ ಹೊಲಿಯುವ ಅರಾಬಾ ಮೂವತ್ತು ವರ್ಷಗಳಲ್ಲಿ ನಲವತ್ತು ಹುಡುಗಿಯರಿಗೆ ಕಸುಬು ಕಲಿಸಿದ್ದಳು. ಕಲಿಕೆ ಮುಗಿದ ದಿನ ಪ್ರತಿಯೊಬ್ಬಳ ತಲೆಗೂ ಪದ್ಧತಿಯಂತೆ ಡಬ್ಬಿಗಟ್ಟಲೆ ಪೌಡರು ಸುರಿದು ಬೀದಿಯಲ್ಲಿ ಕುಣಿಸಿದ್ದಳು. ಅವಳ ತಲೆಗೆ ಮಾತ್ರ ಯಾರೂ ಸುರಿದಿರಲಿಲ್ಲ. ಅವಳಿಗೆ ಕಲಿಸಿದವಳು ಸ್ವಂತ ಅಜ್ಜಿ. ಮನೆ ಹುಡುಗಿಗೆ ಇದೆಲ್ಲ ಯಾಕೆ ಎಂದು ಆ ಮುದುಕಿ ಸುಮ್ಮನಾಗಿಬಿಟ್ಟಿದ್ದಳು.

ಈಗ ಸರ್ಕಾರ ಹೊಸ ನಿಯಮ ತಂದಿತ್ತು. ಕಸುಬು ಕಲಿಸುವವರೂ ಪರೀಕ್ಷೆ ಪಾಸು ಮಾಡಬೇಕು. ಇಲ್ಲವಾದರೆ ಅಂಗಡಿಯ ನಾಲ್ವರು ಹುಡುಗಿಯರನ್ನು ಬೇರೆ ಊರಿನ ತರಬೇತಿ ಕೇಂದ್ರಕ್ಕೆ ಕಳಿಸುತ್ತಾರೆ. ಹುಡುಗಿಯರಿಲ್ಲದ ಅಂಗಡಿಯನ್ನು ನೆನೆದರೇ ಅರಾಬಾಳಿಗೆ ಊಟ ಸೇರುತ್ತಿರಲಿಲ್ಲ. ಐವತ್ತೆಂಟನೇ ವಯಸ್ಸಿನಲ್ಲಿ ಅವಳು ಪರೀಕ್ಷೆಗೆ ಹೊರಟಳು. ಹುಡುಗಿಯರು ಪರೀಕ್ಷಾ ಕೇಂದ್ರದ ಗೇಟಿನವರೆಗೂ ಜೊತೆಗೆ ಬಂದರು. "ಮೇಡಂ, ಪಕ್ಕದವರದು ನೋಡಿ ಬರೀಬೇಡಿ," ಎಂದು ಎಕುವಾ ಛೇಡಿಸಿದಳು. ನಾಲ್ವರಲ್ಲಿ ಅವಳದೇ ಬಾಯಿ ಜೋರು.

ಒಳಗೆ ಒಂದು ಗೊಂಬೆ ನಿಲ್ಲಿಸಿದ್ದರು. ಅದಕ್ಕೆ ರವಿಕೆ ಹೊಲಿಯಬೇಕು, ಅಳತೆಯ ಗೆರೆ ಎಳೆದ ಪೇಪರ್ ಕಟಿಂಗನ್ನೂ ಕೊಡಬೇಕು. ಅರಾಬಾ ಜನ್ಮದಲ್ಲಿ ಪೇಪರ್ ಮೇಲೆ ಗೆರೆ ಎಳೆದವಳಲ್ಲ. ಆಳನ್ನು ಒಮ್ಮೆ ನೋಡಿದರೆ ಸಾಕು, ಕತ್ತರಿ ತಾನಾಗಿ ನಡೆಯುತ್ತಿತ್ತು. ಅರ್ಧ ಗಂಟೆ ಪೆನ್ಸಿಲ್ ಹಿಡಿದು ಬೆವರಿದಳು. ಕೊನೆಗೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, ಗೊಂಬೆಯನ್ನು ಮೇಲಿಂದ ಕೆಳಗೆ ನೋಡಿ, ಬಟ್ಟೆಯನ್ನೇ ಕತ್ತರಿಸಿದಳು. ಆ ತುಂಡುಗಳನ್ನು ಪೇಪರ್ ಮೇಲಿಟ್ಟು ಸುತ್ತಲೂ ಗೆರೆ ಎಳೆದಳು.

ಕನ್ನಡಕದ ಪರೀಕ್ಷಕ ಓಡಿ ಬಂದ. "ಅಮ್ಮಾ, ಇದು ಉಲ್ಟಾ ಆಯ್ತಲ್ಲ. ಮೊದಲು ಪೇಪರ್, ಆಮೇಲೆ ಬಟ್ಟೆ."

"ಮಗು ಹುಟ್ಟಿದ ಮೇಲೆ ತಾನೇ ಫೋಟೊ ತೆಗ್ಯೋದು, ಮಗಾ?"

ಅವನು ನಗು ನುಂಗಿಕೊಂಡು ಟೇಪ್ ಹಿಡಿದು ಗೊಂಬೆಯನ್ನೂ ಗೆರೆಗಳನ್ನೂ ಅಳೆದ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹೊಲಿದ ರವಿಕೆ ಗೊಂಬೆಗೆ ಹೇಳಿ ಮಾಡಿಸಿದಂತೆ ಕೂತಿತು. ನಿಯಮದ ಪುಸ್ತಕವನ್ನು ಎರಡು ಸಲ ತಿರುವಿದ. ಯಾವುದು ಮೊದಲು ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಪಾಸು ಎಂದು ಸಹಿ ಹಾಕಿದ.

ಅರಾಬಾ ಹೊರಗೆ ಬಂದು ಕಾಗದ ತೋರಿಸಿ, ಅಂಗಡಿಯಲ್ಲಿ ಕೆಲಸ ಬಿದ್ದಿದೆ, ನಡೀರಿ ಎಂದು ಗದರಿದಳು. ಯಾರೂ ಕದಲಲಿಲ್ಲ. ಎಕುವಾ ಚೀಲದಿಂದ ಪೌಡರ್ ಡಬ್ಬಿ ತೆಗೆದಳು.

"ಮೇಡಂ, ನಿಮ್ಮ ಕಲಿಕೆ ಇವತ್ತು ಮುಗೀತು. ತಲೆ ಬಗ್ಗಿಸಿ."

"ಫೇಲಾಗಿದ್ರೆ ಏನ್ ಮಾಡ್ತಿದ್ರೇ?"

"ಅದನ್ನ ಯೋಚ್ನೇನೇ ಮಾಡಿಲ್ಲ."

ಪೌಡರು ತಲೆಯಿಂದ ಕತ್ತಿಗೆ, ಕತ್ತಿನಿಂದ ಬೆನ್ನಿಗೆ ಇಳಿಯಿತು. ನಲವತ್ತು ತಲೆಗಳಿಗೆ ಸುರಿದವಳಿಗೆ ಅದು ಇಷ್ಟು ತಂಪೆಂದು ಇವತ್ತೇ ಗೊತ್ತಾದದ್ದು. ಬಿಳಿ ಕೆನ್ನೆಯ ಮೇಲೆ ಕಣ್ಣೀರಿನ ಎರಡು ಗೆರೆ ಹರಿದವು.

"ಇಷ್ಟೇನಾ?" ಎಂದಳು. "ಇನ್ನೊಂದು ಡಬ್ಬಿ ತಂದಿಲ್ವಾ?"